ಮೀನು ಎಣಿಸುವ ನೌಕರಿ

ಮೈಮುರಿಯುವ ಕೆಲಸ, ಪುಡಿಗಾಸಿನ ಸಂಬಳ, ಹೇಳತೀರದ ಪಾಡು, ಜೊತೆಗೆ ಇನ್ನೂ ಏನೇನೋ! ಹೀಗೆ ಸಾರಿ ಹೇಳಿ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಕರೆಯುವ ಸರ್ಕಾರಿ ಇಲಾಖೆಯೊಂದಿದೆ ಎಂದರೆ ನಮ್ಮಲ್ಲಿ ಯಾರೂ ನಂಬಲಿಕ್ಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಕನ್ಸರ್ವೇಷನ್ ಕೋರ್ ಎಂಬ ಪಡೆಯ ಧ್ಯೇಯವಾಕ್ಯದ ಸಾರಾಂಶ ಇದೇ. 1976ರಲ್ಲಿ ಆಗಿನ ಗವರ್ನರ್ ಜೆರ್ರಿ ಬ್ರೌನ್ ಹುಟ್ಟುಹಾಕಿದ ಪಡೆ ಅದು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಅಂದರೆ 1933ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರನ್ನು ಕಾಡು, ನೆಲ, ನೀರಿನ ಕೆಲಸಕ್ಕೆ ಹಚ್ಚಿದ್ದರಲ್ಲ, ಅದರದೇ ಮಾದರಿ. ಈ ಧ್ಯೇಯವಾಕ್ಯದ ಹಿಂದಿದ್ದವರು ಪಡೆಯ ನಿರ್ದೇಶಕರಾಗಿದ್ದ ಬಿ.ಟಿ. ಕಾಲಿನ್ಸ್. ವಿಯೆಟ್ನಾಂ ಯುದ್ಧದಲ್ಲಿ ಒಂದು ಕೈ, ಒಂದು ಕಾಲು ಕಳೆದುಕೊಂಡು ಬಂದಿದ್ದ ಮನುಷ್ಯ. 1981ರಲ್ಲಿ ಹಣ್ಣುನೊಣದ ಹಾವಳಿಗೆ ಮೆಲಥಿಯಾನ್ ಸಿಂಪಡಿಸಲು ಹೊರಟಾಗ ಜನ ಹೆದರಿದರು. ಕಾಲಿನ್ಸ್ ನೀರು ಬೆರೆಸಿದ ಮೆಲಥಿಯಾನನ್ನು ಎಲ್ಲರೆದುರು ಒಂದು ಲೋಟ ಕುಡಿದು ತೋರಿಸಿದರು. ಅದು ಜಾಣತನವಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹುಡುಗರಿಗೆ ಕಷ್ಟ ಬರುತ್ತದೆ ಎಂದು ಮೊದಲೇ ಹೇಳಿ ಕರೆಯುವ ಧೈರ್ಯ ಬಹುಶಃ ಅಂಥವರಿಗೇ ಬರುತ್ತದೆ.

ಈ ಪಡೆಯ ಒಂದು ಕವಲಿನ ಬಗ್ಗೆ ಇಲ್ಲಿ ಹೇಳಬೇಕಿದೆ. ಹೆಸರು ವಾಟರ್‌ಶೆಡ್ ಸ್ಟೀವರ್ಡ್ಸ್ ಪ್ರೋಗ್ರಾಂ. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ರಾಷ್ಟ್ರೀಯ ಸೇವೆಯ ಕಾಯ್ದೆಗೆ ಸಹಿ ಹಾಕಿ ಅಮೆರಿಕಾರ್ಪ್ಸ್ ಎಂಬ ಸಂಸ್ಥೆಗೆ ದಾರಿ ಮಾಡಿದ್ದರು. ಅದರ ಆಸರೆಯಲ್ಲಿ ಮರುವರ್ಷವೇ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ, ಆಕಾಶಕ್ಕೆ ಮುಟ್ಟುವ ರೆಡ್‌ವುಡ್ ಮರಗಳ ಸೀಮೆಯಲ್ಲಿ, ಈ ಕಾರ್ಯಕ್ರಮ ಶುರುವಾಯಿತು. ಸಾಲ್ಮನ್ ಮೀನುಗಳು ಹೊಳೆಗಳಿಂದ ಕಣ್ಮರೆಯಾಗುತ್ತಿದ್ದವು, ಲೆಕ್ಕ ಇಡಲು ಆಳುಗಳಿರಲಿಲ್ಲ. ಹೆಚ್ಚಾಗಿ ಕಾಲೇಜು ಮುಗಿಸಿ ಹೊರಬಿದ್ದ ಹುಡುಗ ಹುಡುಗಿಯರು ಇಲ್ಲಿಗೆ ಸೇರುತ್ತಾರೆ. ಹತ್ತೂವರೆ ತಿಂಗಳು, 1,700 ಗಂಟೆ ಸೇವೆ. ಇಬ್ಬಿಬ್ಬರಂತೆ ಜೋಡಿ ಮಾಡಿ ಒಂದೊಂದು ಕಡೆ ನೇಮಿಸುತ್ತಾರೆ. ನೇಮಕದ ಜಾಗ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯಾಗಬಹುದು, ಬುಡಕಟ್ಟು ಸಮುದಾಯವೊಂದರ ಮೀನುಗಾರಿಕೆ ವಿಭಾಗವಾಗಬಹುದು, ಒಂದು ಹೊಳೆಗಾಗಿಯೇ ಹುಟ್ಟಿದ ಸಣ್ಣ ಸಂಘವಾಗಬಹುದು. ಅಲ್ಲಿ ಕೆಲಸ ಕಲಿಸಲು ಒಬ್ಬ ಹಿರಿಯ ಜೀವವಿಜ್ಞಾನಿ ಇರುತ್ತಾರೆ. ತಿಂಗಳಿಗಿಷ್ಟು ಎಂದು ಜೀವನಭತ್ಯೆ. ಅವಧಿ ಮುಗಿಸಿದವರಿಗೆ ಮುಂದಿನ ಓದಿಗೋ ಓದಿನ ಸಾಲ ತೀರಿಸುವುದಕ್ಕೋ ಒಂದು ಮೊತ್ತ. ನಡುನಡುವೆ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಮಾಡಬೇಕು, ಊರಿನವರನ್ನು ಸೇರಿಸಿ ಹೊಳೆಯ ಕೆಲಸವೊಂದನ್ನು ಮಾಡಿಸಬೇಕು.

ಉಳಿದ ಹೊತ್ತೆಲ್ಲ ಮೀನು ಎಣಿಸುವುದು.

ಮಲೆನಾಡಿನವರಿಗೆ ಸಾಲ್ಮನ್ ಮೀನಿನ ಕಥೆಯನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಹಳ್ಳ ತುಂಬಿದ ರಾತ್ರಿ ಮೀನುಗಳು ನೀರಿಗೆದುರಾಗಿ ಗದ್ದೆಯತ್ತ ಹತ್ತುವುದನ್ನು, ಬ್ಯಾಟರಿ, ಕತ್ತಿ ಹಿಡಿದು ಹತ್ತುಮೀನಿಗೆ ಹೋಗುವವರನ್ನು ಅವರು ಕಂಡಿದ್ದಾರೆ. ಸಾಲ್ಮನ್ ಹತ್ತುವುದು ಗದ್ದೆಯಿಂದ ಗದ್ದೆಗಲ್ಲ, ಸಮುದ್ರದಿಂದ ಬೆಟ್ಟಕ್ಕೆ. ಹುಟ್ಟಿದ್ದು ಸಿಹಿನೀರಿನ ತೊರೆಯಲ್ಲಿ, ಬೆಳೆದದ್ದು ಪೆಸಿಫಿಕ್ ಸಾಗರದಲ್ಲಿ. ಮೊಟ್ಟೆಯಿಡಲು ಮಾತ್ರ ಬಹುಪಾಲು ಮೀನುಗಳು ತಾವು ಹುಟ್ಟಿದ ತೊರೆಯ ವಾಸನೆಯನ್ನೇ ಹುಡುಕಿಕೊಂಡು ಬರುತ್ತವೆ. ಬಂದವು ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಕೋಹೊ ಎಂಬ ಜಾತಿಯದ್ದಂತೂ ಬಹುಮಟ್ಟಿಗೆ ಕಟ್ಟುನಿಟ್ಟಾದ ಮೂರು ವರ್ಷದ ಲೆಕ್ಕ. ಚಳಿಗಾಲದಲ್ಲಿ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಒಂದು ವರ್ಷಕ್ಕೂ ಹೆಚ್ಚು ಕಾಲ ತೊರೆಯಲ್ಲಿದ್ದು, ಆಮೇಲೆ ಸಮುದ್ರಕ್ಕಿಳಿದು, ಮೂರನೇ ವರ್ಷಕ್ಕೆ ಹಿಂದಿರುಗುತ್ತದೆ. ಹಾಗಾಗಿ ಒಂದೇ ತೊರೆಯಲ್ಲಿ ಮೂರು ಪ್ರತ್ಯೇಕ ವಂಶಗಳು ಸರದಿಯ ಮೇಲೆ ಬಂದು ಹೋಗುತ್ತಿರುತ್ತವೆ. ಒಂದು ವರ್ಷ ತೊರೆ ಬತ್ತಿ ಮರಿಗಳೆಲ್ಲ ಸತ್ತರೆ ಆ ವಂಶದ ಸರದಿ ಬರುವ ವರ್ಷ ತೊರೆ ಖಾಲಿ.

ಹತ್ತಿ ಬರುವ ಮೀನುಗಳ ಎಣಿಕೆ ನಡೆಯುವುದು ನವೆಂಬರಿನಿಂದ ಫೆಬ್ರುವರಿ, ಮಾರ್ಚಿನವರೆಗೆ, ಮಳೆ ಹಿಡಿದ ಕಾಲದಲ್ಲಿ. ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ನೀರಿನ ಮೇಲಿನ ಹೊಳಪು ಕಣ್ಣಿಗೆ ಹೊಡೆಯದಂತೆ ಪೋಲರಾಯ್ಡ್ ಕನ್ನಡಕ ಹಾಕಿ, ಕೈಯಲ್ಲೊಂದು ಕೋಲು ಹಿಡಿದು ಇಬ್ಬರು ಹೊಳೆಯೊಳಗೇ ನಡೆಯುತ್ತಾರೆ. ಪ್ರತಿ ಜೋಡಿಗೂ ಹೊಳೆಯ ಇಂತಿಷ್ಟು ಭಾಗ ಎಂದು ಹಂಚಿಕೆ. ಅದೇ ಭಾಗವನ್ನು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮತ್ತೆ ನಡೆಯಬೇಕು. ಜೋರು ಮಳೆ ಬಂದರೆ ನೀರು ಕೆಂಪಾಗಿ ಏನೂ ಕಾಣುವುದಿಲ್ಲ. ಮಳೆಯೇ ಬಾರದಿದ್ದರೆ ಮೀನು ಹತ್ತುವುದಿಲ್ಲ. ಎರಡರ ನಡುವೆ ನೀರು ತಿಳಿಯಾಗುವ ಒಂದೆರಡು ದಿನಗಳಲ್ಲಿ ಕೆಲಸ ಮುಗಿಸಬೇಕು. ಹಬ್ಬ, ರಜೆ, ಭಾನುವಾರ ಎಂದು ನೋಡಿದರೆ ಆಗದು.

ಎಣಿಸುವುದು ಮೂರು ಬಗೆಯದನ್ನು: ಜೀವಂತ ಮೀನು, ಗೂಡು, ಹೆಣ. ಹೆಣ್ಣು ಮೀನು ಪಕ್ಕಕ್ಕೆ ಹೊರಳಿ ಬಾಲದಿಂದ ಜಲ್ಲಿಕಲ್ಲನ್ನು ಬಡಿದು ಗುಣಿ ತೋಡುತ್ತದೆ. ಮೊಟ್ಟೆಯಿಟ್ಟ ಮೇಲೆ ಮೇಲ್ಗಡೆಯ ಕಲ್ಲನ್ನು ಕೆದಕಿ ಅದನ್ನು ಮುಚ್ಚುತ್ತದೆ. ಪಾಚಿ ಕಟ್ಟಿದ ಕಲ್ಲುಗಳ ನಡುವೆ ತೊಳೆದಂತೆ ಬೆಳ್ಳಗೆ ಕಾಣುವ ಆ ಜಾಗವೇ ಗೂಡು. ಪಳಗಿದ ಕಣ್ಣಿಗೆ ಮಾತ್ರ ಅದು ಗೂಡು, ಉಳಿದವರಿಗೆ ಬರೀ ಕಲ್ಲು. ಹೊಸಬರು ಅದರ ಮೇಲೆಯೇ ಕಾಲಿಟ್ಟು ಸಾವಿರಾರು ಮೊಟ್ಟೆ ತುಳಿದಾರೆಂಬ ಭಯಕ್ಕೆ ಮೊದಲ ದಿನಗಳಲ್ಲಿ ಹಿರಿಯರು ಬೆನ್ನಿಗೇ ಇರುತ್ತಾರೆ. ಗೂಡು ಸಿಕ್ಕಿದರೆ ಅಳತೆ ತೆಗೆದು, ದಡದ ಗಿಡಕ್ಕೆ ಬಣ್ಣದ ಪಟ್ಟಿ ಕಟ್ಟಿ ದಿನಾಂಕ ಬರೆಯುತ್ತಾರೆ. ಹೆಣ ಸಿಕ್ಕಿದರೆ ಅದರ ಉದ್ದ, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮೊಟ್ಟೆ ಉಳಿದಿದೆಯೋ ಇಲ್ಲವೋ ಎಲ್ಲ ನೋಡಬೇಕು. ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆ ಕತ್ತರಿಸಿದ್ದರೆ ಅದು ಮೀನುಮರಿ ಕೇಂದ್ರದಲ್ಲಿ ಬೆಳೆದದ್ದು ಎಂದರ್ಥ. ಹಾಗಿದ್ದರೆ ತಲೆ ಕೊಯ್ದು ಚೀಲಕ್ಕೆ ಹಾಕಿಕೊಳ್ಳಬೇಕಾಗಬಹುದು, ಮೂಗಿನೊಳಗೆ ಗುರುತಿನ ಸಣ್ಣ ತಂತಿ ಇರುವ ಸಾಧ್ಯತೆಯುಂಟು. ಮುಂದಿನ ಸಲ ಅದೇ ಹೆಣವನ್ನು ಮತ್ತೆ ಎಣಿಸದಂತೆ ಗುರುತು ಮಾಡಿ ನೀರಿಗೇ ಬಿಡುತ್ತಾರೆ. ಕೊಳೆತ ಮೀನಿನ ಪೋಷಕಾಂಶ ಹೊಳೆಗೆ ಬೇಕು, ದಡದ ಕಾಡಿಗೂ ಬೇಕು. ನಾತದ ವಿಷಯ ಮೊದಲೇ ಧ್ಯೇಯವಾಕ್ಯದಲ್ಲಿ ಹೇಳಿಯಾಗಿದೆ.

ಇಷ್ಟೆಲ್ಲ ಎಣಿಸಿ ಏನಾಯಿತು ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ಮರದ ದಿಮ್ಮಿಗಳ ಪ್ರಸಂಗ ನೋಡಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಬೆಟ್ಟಗಳನ್ನು ಬುಲ್ಡೋಜರುಗಳು ಹೊಕ್ಕವು. ಮನೆ ಕಟ್ಟುವ ಹುಮ್ಮಸ್ಸಿನ ಕಾಲ, ಮರಕ್ಕೆ ಎಲ್ಲಿಲ್ಲದ ಬೇಡಿಕೆ. ಕಡಿದಾದ ಇಳಿಜಾರುಗಳಲ್ಲಿ ಅಡ್ಡಾದಿಡ್ಡಿ ರಸ್ತೆ ಕಡಿದು, ಹಳ್ಳಗಳನ್ನೇ ದಾರಿ ಮಾಡಿಕೊಂಡು ದಿಮ್ಮಿ ಎಳೆದರು. 1955ರಲ್ಲಿ ಒಮ್ಮೆ, 1964ರ ಡಿಸೆಂಬರಿನಲ್ಲಿ ಇನ್ನೊಮ್ಮೆ ಮಹಾಪೂರ ಬಂತು. ಬೋಳು ಬೆಟ್ಟಗಳು ಜಾರಿ ಹೊಳೆಗಿಳಿದವು. ಆಳೆತ್ತರದ ಮಡುಗಳು ಹೂಳಿನಿಂದ ತುಂಬಿ ಪಾದ ಮುಳುಗುವಷ್ಟಾದವು. ನೆರಳು ಕೊಡುವ ಮರವಿಲ್ಲದೆ ಬೇಸಿಗೆಯಲ್ಲಿ ನೀರು ಬಿಸಿಯಾಯಿತು. ಜಲ್ಲಿಯ ಸಂದಿಗಳಲ್ಲಿ ಹೂಳು ಕೂತು ಮೊಟ್ಟೆಗಳಿಗೆ ಉಸಿರು ಸಿಗದಾಯಿತು. ಪ್ರವಾಹ ಹೊತ್ತು ತಂದ ದಿಮ್ಮಿಗಳು ಅಲ್ಲಲ್ಲಿ ಅಡ್ಡಗಟ್ಟಿ ಬೆಟ್ಟದಂತೆ ಬಿದ್ದಿದ್ದವು. ನೋಡಿದವರೆಲ್ಲ ಒಂದೇ ತೀರ್ಮಾನಕ್ಕೆ ಬಂದರು. ಈ ದಿಮ್ಮಿಗಳೇ ಮೀನಿಗೆ ಅಡ್ಡಿ, ತೆಗೆಯಿರಿ.

ತೆಗೆದರು. ಎಪ್ಪತ್ತು, ಎಂಬತ್ತರ ದಶಕದಲ್ಲೂ ಹೊಳೆ ಶುದ್ಧಿ ಎಂದರೆ ದಿಮ್ಮಿ ತೆಗೆಯುವುದೇ ಆಗಿತ್ತು. ಸರ್ಕಾರ ಹಣ ಕೊಟ್ಟಿತು, ಗರಗಸ ಹಿಡಿದ ಯುವಪಡೆಗಳು ಹುರುಪಿನಿಂದ ದುಡಿದವು. ಹೊಳೆಗಳು ನೋಡಲು ಚೊಕ್ಕಟವಾದವು, ಕಾಲುವೆಯ ಹಾಗೆ. ಮೀನು ಮಾತ್ರ ಹೆಚ್ಚಲಿಲ್ಲ, ಇನ್ನೂ ಕಡಿಮೆಯಾಯಿತು. ಎಲ್ಲಿ ದಿಮ್ಮಿ ಉಳಿದಿದೆಯೋ ಅಲ್ಲಿ ಮರಿಗಳು ಹೆಚ್ಚಿವೆ ಎಂಬುದು ಬಯಲಾದದ್ದು ಮಡು ಮಡುವಿಗೆ ಇಳಿದು ಎಣಿಸಿದಾಗ. ಬಿದ್ದ ಮರಕ್ಕೆ ನೀರು ಬಡಿದು ಕೆಳಗೆ ಕೊರೆದರೆ ತಾನೇ ಮಡುವಾಗುವುದು? ಆ ಮಡುವಿನ ತಂಪಿನಲ್ಲಿ ಮರಿಗಳು ಬೇಸಿಗೆ ಕಳೆಯುತ್ತವೆ, ಕೊಂಬೆ ರೆಂಬೆಗಳ ಸಂದಿಯಲ್ಲಿ ಕೊಕ್ಕರೆ, ನೀರುನಾಯಿಗಳ ಕಣ್ಣಿಗೆ ಬೀಳದೆ ಉಳಿಯುತ್ತವೆ, ಮಳೆಗಾಲದ ಸೆಳೆತಕ್ಕೆ ಕೊಚ್ಚಿಹೋಗದೆ ನಿಲ್ಲುತ್ತವೆ. ಈಗ ಅದೇ ಹೊಳೆಗಳಿಗೆ ದಿಮ್ಮಿಗಳನ್ನು ವಾಪಸು ಹಾಕುತ್ತಿದ್ದಾರೆ. ಕನ್ಸರ್ವೇಷನ್ ಕೋರ್‌ನ ಹುಡುಗರೇ ಮರ ಕಡಿದು, ಕಬ್ಬಿಣದ ಸರಳು ಚುಚ್ಚಿ, ಬಂಡೆಗೆ ಬಿಗಿದು ನೀರಿಗಡ್ಡ ಕೂರಿಸುತ್ತಾರೆ. ಅಪ್ಪಂದಿರು ಎತ್ತಿ ಹಾಕಿದ್ದನ್ನು ಮಕ್ಕಳು ತಂದು ಹಾಕುವ ಕೆಲಸ. ಬರೀ ಉತ್ಸಾಹ ಹೊಳೆಗೆ ಎಷ್ಟು ಕೇಡು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಕೆರೆ ಹೂಳೆತ್ತುತ್ತೇವೆಂದು ಜೆಸಿಬಿ ಇಳಿಸಿ, ಸೌಂದರ್ಯಕ್ಕೆಂದು ಸುತ್ತ ಕಲ್ಲು ಕಟ್ಟಿಸಿ, ಹಕ್ಕಿಗೆ ಕಾಲೂರಲು ಜಾಗವಿಲ್ಲದಂತೆ ಮಾಡುವ ನಮ್ಮ ಊರುಗಳ ಶ್ರಮದಾನಿಗಳೂ ಇದನ್ನೊಮ್ಮೆ ಯೋಚಿಸಬಹುದು.

ಸರ್ಕಾರದ ಭತ್ಯೆ, ಒಪ್ಪಂದ ಯಾವುದೂ ಇಲ್ಲದ ಕಾಲದಲ್ಲಿಯೇ ಈ ಕೆಲಸಕ್ಕಿಳಿದವರೂ ಇದ್ದರು. ಅದೇ ಕರಾವಳಿಯಲ್ಲಿ ಮಟೋಲ್ ಎಂಬ ಸುಮಾರು ನೂರು ಕಿಲೋಮೀಟರ್ ಉದ್ದದ ಹೊಳೆಯಿದೆ. ಪಟ್ಟಣದ ಬದುಕು ಸಾಕೆಂದು ಅಲ್ಲಿ ಬಂದು ನೆಲೆಸಿದ್ದ ಒಂದಿಷ್ಟು ಜನ 1980ರಲ್ಲಿ ಸಾಲ್ಮನ್ ಉಳಿಸುವ ಗುಂಪು ಕಟ್ಟಿದರು. ಮೀನುಗಾರನಾಗಿ ದುಡಿದಿದ್ದ ಫ್ರೀಮನ್ ಹೌಸ್ ಅವರಲ್ಲೊಬ್ಬರು. ಬೇರೆ ಹೊಳೆಯ ಮೀನುಮರಿ ತಂದು ಬಿಡುವುದು ಬೇಡ, ಈ ಹೊಳೆಯದೇ ತಳಿ ಉಳಿಯಬೇಕು ಎಂಬುದು ಅವರ ಹಟ. ಹತ್ತಿ ಬಂದ ಮೀನನ್ನು ರಾತ್ರಿ ಕಾದು ಹಿಡಿದು, ಮೊಟ್ಟೆ ತೆಗೆದು, ಹೊಳೆಯ ದಡದಲ್ಲೇ ಪೆಟ್ಟಿಗೆ ಇಟ್ಟು, ಹೊಳೆಯ ನೀರನ್ನೇ ಹಾಯಿಸಿ ಮರಿ ಮಾಡುತ್ತಿದ್ದರು. ಪೆಟ್ಟಿಗೆ ಕಾಯಲು ಮನೆಮನೆಗೆ ಪಾಳಿ. ಹೂಳು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೊಳೆಯಿಂದ ಬೆಟ್ಟಕ್ಕೆ ಹತ್ತಿದರು. 1983ರಲ್ಲಿ ಇಡೀ ಜಲಾನಯನ ಪ್ರದೇಶಕ್ಕೊಂದು ಮಂಡಳಿಯೇ ಆಯಿತು. ದನ ಸಾಕುವವರು, ಮರದ ವ್ಯಾಪಾರಿಗಳು ಈ ಹೊಸಬರನ್ನು ಕಂಡರೆ ಉರಿದುಬೀಳುತ್ತಿದ್ದರು. ಆದರೂ ಮೀನಿನ ಸಲುವಾಗಿ ಒಂದೇ ಮೇಜಿಗೆ ಬಂದು ಕೂತ ಕಥೆಯನ್ನು ಹೌಸ್ 1999ರಲ್ಲಿ ಬಂದ ತಮ್ಮ ‘ಟೋಟೆಮ್ ಸಾಲ್ಮನ್’ ಪುಸ್ತಕದಲ್ಲಿ ಬರೆದಿದ್ದಾರೆ.

ಊರವರ ಈ ಶ್ರದ್ಧೆಗೆ ಒಂದು ಮಿತಿಯಿತ್ತು. ಹೊಟ್ಟೆಪಾಡಿನ ನಡುವೆ ಬಿಡುವು ಮಾಡಿಕೊಂಡು ಎಷ್ಟು ದಿನ ಎಣಿಸಲಾದೀತು? ಎಣಿಕೆಗೆ ಬೆಲೆ ಬರಬೇಕಾದರೆ ಎಲ್ಲ ಹೊಳೆಗಳಲ್ಲೂ ಒಂದೇ ಪದ್ಧತಿ ಇರಬೇಕು, ಪ್ರತಿ ವರ್ಷ ನಡೆಯಬೇಕು. ಭತ್ಯೆ ಕೊಟ್ಟು ವರ್ಷಕ್ಕೊಂದು ತಂಡ ಕಳಿಸುವ ಏರ್ಪಾಡು ಆ ಕೊರತೆಯನ್ನು ತುಂಬಿತು.

ಚಳಿಗಾಲ ಕಳೆದರೆ ಈ ತಂಡದವರ ಕೆಲಸದ ರೀತಿ ಬದಲಾಗುತ್ತದೆ. ವಸಂತದಲ್ಲಿ ಸಮುದ್ರಕ್ಕೆ ಹೊರಟ ಮರಿಗಳನ್ನು ಬಲೆ, ಕೊಳವೆಗಳ ಮೂಲಕ ಪೆಟ್ಟಿಗೆಗೆ ಹಾಯಿಸಿ, ಬೆಳಿಗ್ಗೆ ಬೆಳಿಗ್ಗೆ ಎಣಿಸಿ, ಅಳೆದು ಬಿಡಬೇಕು. ಕೆಲವು ಮರಿಗಳ ಹೊಟ್ಟೆಯೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಗುರುತಿನ ಚಿಪ್ ಇಡುತ್ತಾರೆ. ಹೊಳೆಗೆ ಅಡ್ಡಲಾಗಿ ಹಾಸಿದ ಆಂಟೆನಾ ಮೇಲೆ ಅದು ಹಾದುಹೋದಾಗಲೆಲ್ಲ ನಂಬರು ದಾಖಲಾಗುತ್ತದೆ. ಒಂದೂವರೆ ವರ್ಷದ ನಂತರ ಸಮುದ್ರ ಸುತ್ತಿ ಅದೇ ನಂಬರು ವಾಪಸು ಬಂತೆಂದರೆ ಕಚೇರಿಯಲ್ಲಿ ಹಬ್ಬ. ಆದರೆ ಚಿಪ್ ಇಟ್ಟ ಹುಡುಗಿ ಅಷ್ಟರಲ್ಲಿ ಅಲ್ಲಿರುವುದಿಲ್ಲ. ಅವಳ ಸೇವೆ ಹತ್ತೂವರೆ ತಿಂಗಳದು, ಮೀನಿನ ಬದುಕು ಮೂರು ವರ್ಷದ್ದು. ಇನ್ನಾರೋ ಇಟ್ಟ ಚಿಪ್ ಇವಳ ಕಾಲದಲ್ಲಿ ತಿರುಗಿ ಬಂದಿರುತ್ತದೆ, ಇವಳು ಇಟ್ಟದ್ದು ಮುಂದೆ ಬರುವವರ ಪಾಲಿಗೆ.

ಬೇಸಿಗೆಯಲ್ಲಿ ಸ್ನಾರ್ಕೆಲ್ ಕಚ್ಚಿ, ಕೊರೆಯುವ ನೀರಿನಲ್ಲಿ ಮಕಾಡೆ ತೆವಳುತ್ತ ಮಡುಗಳಲ್ಲಿರುವ ಮರಿ ಎಣಿಸುವುದು, ನೀರಿನ ಉಷ್ಣತೆ ಅಳೆಯುವ ಸಾಧನಗಳನ್ನು ಅಲ್ಲಲ್ಲಿ ಇಡುವುದು, ಹರಿವು ಅಳೆಯುವುದು, ಬತ್ತುತ್ತಿರುವ ಗುಂಡಿಗಳಿಂದ ಮರಿಗಳನ್ನು ಬಕೆಟ್ಟಿನಲ್ಲಿ ತುಂಬಿ ನೀರಿರುವ ಕಡೆ ಬಿಡುವುದು. ಒಂದು ಹೊಳೆಯಿಂದ ಇನ್ನೊಂದಕ್ಕೆ ರೋಗವೋ ಅನ್ಯದೇಶದ ಬಸವನಹುಳುವೋ ದಾಟದಂತೆ ಬೂಟುಗಳನ್ನು ತೊಳೆಯುವುದೇ ಒಂದು ದೊಡ್ಡ ಕೆಲಸ. ದ್ರಾಕ್ಷಿತೋಟಗಳ ನಡುವೆ ಹರಿಯುವ ರಷ್ಯನ್ ರಿವರ್‌ನಲ್ಲಿ 2000ದ ಸುಮಾರಿಗೆ ಹಿಂದಿರುಗುವ ಕೋಹೊ ಬೆರಳೆಣಿಕೆಗೆ ಇಳಿದಿತ್ತು. 2001ರಲ್ಲಿ ಅಳಿದುಳಿದ ಕಾಡುಮರಿಗಳನ್ನು ಹಿಡಿದು ಸಾಕಿ, ಹತ್ತಿರದ ಸಂಬಂಧ ಬೆರೆಯದಂತೆ ವಂಶಾವಳಿ ನೋಡಿ ಜೋಡಿ ಮಾಡಿ (ನಮ್ಮ ಹಿರಿಯರು ಗೋತ್ರ ಕೇಳುತ್ತಿದ್ದರಲ್ಲ, ಹಾಗೇ) ಮರಿಗಳನ್ನು ತೊರೆಗಳಿಗೆ ಬಿಡಲು ತೊಡಗಿದರು. ಬಿಟ್ಟದ್ದರಲ್ಲಿ ಎಷ್ಟು ಉಳಿದವು, ಯಾವ ತೊರೆಯಲ್ಲಿ ಉಳಿದವು ಎಂದು ತಿಳಿಯಬೇಕಾದರೆ ಮತ್ತೆ ನೀರಿಗಿಳಿದು ಎಣಿಸಲೇಬೇಕು.

ಎಣಿಕೆ ಹೋರಾಟಕ್ಕೂ ದನಿಯಾಗುತ್ತದೆ. 2002ರ ಸೆಪ್ಟೆಂಬರಿನಲ್ಲಿ ಕ್ಲಾಮತ್ ನದಿಯ ಕೆಳಭಾಗದಲ್ಲಿ, ಮೇಲಿನ ಅಣೆಕಟ್ಟುಗಳಿಂದ ಬಿಡುವ ನೀರು ಕಡಿಮೆಯಾಗಿ, ಬೆಚ್ಚಗಾದ ನೀರಿನಲ್ಲಿ ಒತ್ತೊತ್ತಾಗಿ ನಿಂತ ಮೀನುಗಳಿಗೆ ರೋಗ ಹಬ್ಬಿತು. ಕನಿಷ್ಠ 34 ಸಾವಿರ ದೊಡ್ಡ ಮೀನುಗಳು ಸತ್ತವು ಎಂಬುದು ಸರ್ಕಾರಿ ಲೆಕ್ಕ. ನಿಜವಾದ ಸಂಖ್ಯೆ ಅದರ ದುಪ್ಪಟ್ಟಿರಬಹುದು ಎಂದವರಿದ್ದಾರೆ. ಆ ದಡದ ಯೂರೋಕ್ ಬುಡಕಟ್ಟಿನವರಿಗೆ ಸಾಲ್ಮನ್ ಎಂದರೆ ಅನ್ನ, ಆಚಾರ ಎರಡೂ. ದಡದುದ್ದಕ್ಕೂ ಕೊಳೆತು ಬಿದ್ದ ಮೀನಿನ ಸಂಕಟವೇ ಅಣೆಕಟ್ಟು ಒಡೆಯಿರಿ ಎಂಬ ಹೋರಾಟಕ್ಕೆ ಕಿಚ್ಚು ಹಚ್ಚಿತು. ಆ ನದಿಗೆ ಅಡ್ಡಲಾಗಿ 1918ರಿಂದ ಒಂದೊಂದಾಗಿ ಎದ್ದಿದ್ದ ನಾಲ್ಕು ಜಲವಿದ್ಯುತ್ ಅಣೆಕಟ್ಟುಗಳಲ್ಲಿ ಒಂದನ್ನು 2023ರಲ್ಲಿ, ಉಳಿದ ಮೂರನ್ನು 2024ರಲ್ಲಿ ಕೆಡವಿದರು. ಅಮೆರಿಕದ ಇತಿಹಾಸದಲ್ಲೇ ದೊಡ್ಡ ಅಣೆಕಟ್ಟು ತೆರವು ಇದು. ಕೆಡವುವ ಕೆಲಸ ಮುಗಿದ ಕೆಲವೇ ವಾರಗಳಲ್ಲಿ, ಅಕ್ಟೋಬರಿನಲ್ಲಿ, ಅಣೆಕಟ್ಟುಗಳಿದ್ದ ಜಾಗದಿಂದ ಮೇಲೆ ಆರೆಗಾನ್ ರಾಜ್ಯದ ತೊರೆಯೊಂದರಲ್ಲಿ ಸಾಲ್ಮನ್ ಕಾಣಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಗೆ ಸಮುದ್ರದ ಮೀನು ಹೋಗಿರಲಿಲ್ಲ.

ಈಗ ಹಣದ ಮಾತು. ಇದನ್ನು ಸ್ವಯಂಸೇವೆ ಎಂದು ಕರೆದು ಹಾರ ಹಾಕುವುದು ಸುಲಭ. ಜೀವನಭತ್ಯೆಯಲ್ಲಿ ಕ್ಯಾಲಿಫೋರ್ನಿಯಾದಂಥ ಕಡೆ ಬಾಡಿಗೆ ಕಟ್ಟಿ ಉಣ್ಣುವುದು ಕಷ್ಟ. ಅಮೆರಿಕಾರ್ಪ್ಸ್ ಸೇರಿದ ಎಷ್ಟೋ ಮಂದಿ ಬಡವರಿಗೆಂದು ಸರ್ಕಾರ ಕೊಡುವ ಆಹಾರ ನೆರವಿಗೆ ಅರ್ಜಿ ಹಾಕುತ್ತಾರೆ. ಖಾಯಂ ನೌಕರರು ಮಾಡಬೇಕಾದ ಕೆಲಸವನ್ನು ಅಗ್ಗಕ್ಕೆ ಮಾಡಿಸಿಕೊಳ್ಳುವ ಉಪಾಯ ಇದು ಎಂಬ ಟೀಕೆಯಲ್ಲಿ ಹುರುಳಿದೆ. ಮನೆಯಿಂದ ಅಷ್ಟಿಷ್ಟು ದುಡ್ಡು ತರಿಸಿಕೊಳ್ಳಬಲ್ಲವರಿಗೆ ಮಾತ್ರ ಇಂಥ ಒಂದು ವರ್ಷ ಕಳೆಯಲು ಸಾಧ್ಯ ಎಂಬುದೂ ಸುಳ್ಳಲ್ಲ. ಇನ್ನೊಂದು ಬದಿಯಿಂದ ನೋಡಿದರೆ, ಹೊಳೆಯ ಕೆಲಸದ ಅನುಭವವಿಲ್ಲದೆ ಮೀನು ಇಲಾಖೆಯ ನೌಕರಿ ಸಿಗದು, ನೌಕರಿಯಿಲ್ಲದೆ ಅನುಭವ ಸಿಗದು. ಈ ಬಿಕ್ಕಟ್ಟಿನಿಂದ ಹೊರಬರಲು ಇದೇ ಬಾಗಿಲು. ಇಲ್ಲಿ ಪಳಗಿದವರಲ್ಲಿ ಅನೇಕರು ಮುಂದೆ ಅದೇ ಇಲಾಖೆಗಳಲ್ಲಿ, ಸಂಘಗಳಲ್ಲಿ ಜೀವವಿಜ್ಞಾನಿಗಳಾಗಿ ಹೊಸಬರಿಗೆ ಕಲಿಸುವ ಸ್ಥಾನಕ್ಕೆ ಬಂದಿದ್ದಾರೆ. ಭತ್ಯೆ ಹೆಚ್ಚಿಸಬೇಕು, ಏರ್ಪಾಡನ್ನೇ ಕಿತ್ತುಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಕಿತ್ತುಹಾಕುವ ಪ್ರಯತ್ನವೂ ನಡೆಯಿತು. 2025ರ ಏಪ್ರಿಲಿನಲ್ಲಿ ಟ್ರಂಪ್ ಸರ್ಕಾರ ಅಮೆರಿಕಾರ್ಪ್ಸ್‌ನ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಒಂದೇ ಏಟಿಗೆ ರದ್ದು ಮಾಡಿ, ಸಂಸ್ಥೆಯ ಬಹುಪಾಲು ಸಿಬ್ಬಂದಿಯನ್ನು ರಜೆಯ ಮೇಲೆ ಮನೆಗೆ ಕಳಿಸಿತು. ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳು ದಾವೆ ಹೂಡಿದವು. ಜೂನ್‌ನಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಧೀಶರು ಆ ರಾಜ್ಯಗಳ ಕಾರ್ಯಕ್ರಮಗಳನ್ನು ಮತ್ತೆ ನಡೆಸಬೇಕೆಂದು ಆದೇಶ ಕೊಟ್ಟರು. ಏಪ್ರಿಲ್ ಎಂದರೆ ಸಮುದ್ರಕ್ಕೆ ಹೊರಟ ಮರಿಗಳನ್ನು ಎಣಿಸುವ ಕಾಲ. ಆ ವಾರಗಳಲ್ಲಿ ಎಣಿಸದೆ ಬಿಟ್ಟರೆ ನ್ಯಾಯಾಲಯದ ಆದೇಶದಿಂದ ಅದು ತಿರುಗಿ ಬರುವುದಿಲ್ಲ.

ವಿಪರ್ಯಾಸವೆಂದರೆ ಇಷ್ಟು ವರ್ಷದ ದುಡಿಮೆಗೆ ಫಲ ಕಾಣುತ್ತಿದ್ದುದೂ ಆಗಲೇ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರಕ್ಕಿರುವ ಮೆಂಡೊಸಿನೊ ಕರಾವಳಿಯ ಕೋಹೊ 2005ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಲ್ಲಿಯ ಹೊಳೆಗಳಿಗೆ 2023–24ರ ಚಳಿಗಾಲದಲ್ಲಿ ಅಂದಾಜು 15 ಸಾವಿರ ಮೀನು ಹಿಂದಿರುಗಿದವು, ಮರುವರ್ಷ 30 ಸಾವಿರಕ್ಕೂ ಹೆಚ್ಚು. ಒಳ್ಳೆಯ ಮಳೆ, ಸಮುದ್ರದಲ್ಲಿ ಸಿಕ್ಕ ಆಹಾರ ಇವೆಲ್ಲದರ ಪಾಲೂ ಇದರಲ್ಲಿದೆ, ದಿಮ್ಮಿ ಹಾಕಿದ್ದರಿಂದಲೇ ಆಯಿತು ಎನ್ನಲಾಗದು. ಇದೇ ಕಾಲಕ್ಕೆ ಸ್ಯಾಕ್ರಮೆಂಟೊ ನದಿಯ ಚಿನೂಕ್ ಸಾಲ್ಮನ್ ಕುಸಿದು, 2023ರಿಂದ ಮೂರು ವರ್ಷ ಸತತವಾಗಿ ಕ್ಯಾಲಿಫೋರ್ನಿಯಾದ ವಾಣಿಜ್ಯ ಸಾಲ್ಮನ್ ಮೀನುಗಾರಿಕೆಯನ್ನು ಮುಚ್ಚಬೇಕಾಯಿತು. ದೋಣಿ ಮಾರಿಕೊಂಡ ಮೀನುಗಾರರಿಗೆ ಮೆಂಡೊಸಿನೊದ ಸಂಭ್ರಮದಿಂದ ಏನೂ ಸಿಕ್ಕಿಲ್ಲ. ಅಂದಹಾಗೆ, ನಮ್ಮ ಸಾವಿರಾರು ಕನ್ನಡಿಗರು ನೆಲೆಸಿರುವ ಸ್ಯಾನ್‌ಹೋಸೆ ನಗರದ ನಡುವೆಯೇ ಹರಿಯುವ ಗ್ವಾಡಲೂಪೆ ಹೊಳೆಗೂ ಚಿನೂಕ್ ಹತ್ತುತ್ತದೆ. ಊರಿಂದ ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್ ತೋರಿಸಿದ ಮೇಲೆ, ಮಳೆ ಬಿದ್ದು ನೀರು ತಿಳಿಯಾದ ದಿನ ಅಲ್ಲಿಗೂ ಕರೆದೊಯ್ಯಬಹುದು.

ನಮ್ಮಲ್ಲಿ ಎಣಿಸಿದ್ದರಿಂದ ಏನಾದೀತು ಎನ್ನುವವರಿಗೆ ಕಾವೇರಿಯಲ್ಲೇ ಉತ್ತರವಿದೆ. 1946ರಲ್ಲಿ ಮೈಸೂರಿನ ಚರ್ಮ ಪ್ರಸಾಧನ ಮನೆತನದ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಆ ಗೂನುಬೆನ್ನಿನ ಮಹಶೀರ್ ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲ. ಕಾವೇರಿ ದಡದ ಅಭಯಾರಣ್ಯದಲ್ಲಿದ್ದ ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕಿ ಹಿಡಿದು ವಾಪಸು ಬಿಡುತ್ತಿದ್ದವರು ಯಾವ ದಿನ, ಎಷ್ಟು ತೂಕ, ಯಾವ ಬಗೆಯದು ಎಂದು ಬರೆದಿಟ್ಟಿದ್ದರು. ವಿಜ್ಞಾನಕ್ಕೆಂದು ಬರೆದದ್ದಲ್ಲ, ಹವ್ಯಾಸಿಗಳ ಲೆಕ್ಕ. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದಾಗ ಹೊರಬಿದ್ದದ್ದು ಇಷ್ಟು: ಹೊಳೆಯಲ್ಲಿ ಮಹಶೀರ್ ಹೆಚ್ಚುತ್ತಿತ್ತು, ನಿಜ, ಆದರೆ ಹೆಚ್ಚುತ್ತಿದ್ದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದು. ಕಾವೇರಿಯ ಸ್ವಂತದ್ದು ಕಣ್ಣೆದುರೇ ಮಾಯವಾಗುತ್ತಿತ್ತು. ಮೀನು ಉಳಿಸುತ್ತೇವೆಂದು ಬೇರೆ ಕಡೆಯ ಮರಿ ತಂದು ಸುರಿದದ್ದರ ಪರಿಣಾಮ. ಆ ಗೂನುಬೆನ್ನಿನ ಮೀನಿನ ವೈಜ್ಞಾನಿಕ ಹೆಸರು ಟೋರ್ ರೆಮದೇವಿ ಎಂದು ಖಚಿತವಾದದ್ದು, ತೀವ್ರ ಅಳಿವಿನಂಚಿನ ಪಟ್ಟಿಗೆ ಅದು ಸೇರಿದ್ದು ಎರಡೂ 2018ರಲ್ಲಿ. ಗಾಳ ಹಾಕುವುದು ಆ ಅಭಯಾರಣ್ಯದಲ್ಲಿ ನಿಂತ ಮೇಲೆ ಆ ಲೆಕ್ಕವೂ ನಿಂತಿತು. ಅದರ ಜಾಗದಲ್ಲಿ ಬೇರೆ ಲೆಕ್ಕ ಶುರುವಾಗಬೇಕಿತ್ತು.

ಏನೂ ಇಲ್ಲವೆಂದಲ್ಲ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲತೀರದ ಹಳ್ಳಿಗಳಿಗೆ ‘ಸಾಗರ ಮಿತ್ರ’ರನ್ನು ಗೌರವಧನದ ಮೇಲೆ ನೇಮಿಸುತ್ತಾರೆ. ದಿನದಿನ ಹಿಡಿದ ಮೀನು, ಅದರ ದರ ದಾಖಲಿಸುವುದು ಅವರ ಕೆಲಸಗಳಲ್ಲೊಂದು. ಹೊಳೆಗಳಿಗೆ ಅಂಥ ಮಿತ್ರರಿಲ್ಲ. 1969ರಿಂದ ನಡೆದಿರುವ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಒಂದು ವಾರದ ಶಿಬಿರ. ಅಷ್ಟರಲ್ಲಿ ರಸ್ತೆ ಗುಡಿಸಬಹುದು, ಗಿಡ ನೆಡಬಹುದು, ಹೊಳೆಯನ್ನು ಅರಿಯಲಾಗದು. ಶಿಶಿಲದ ಕಪಿಲೆಯಲ್ಲಿ, ಶೃಂಗೇರಿಯ ತುಂಗೆಯಲ್ಲಿ ದೇವರ ಮೀನೆಂದು ಜನ ಕಾಯ್ದುಕೊಂಡು ಬಂದ ಮಡುಗಳಿವೆ. ಅಲ್ಲಿ ಅಕ್ಕಿ, ಮಂಡಕ್ಕಿ ಹಾಕುವ ಭಕ್ತರಿಗೇನೂ ಬರವಿಲ್ಲ, ಬರ ಇರುವುದು ಪ್ರತಿ ವರ್ಷ ಒಂದೇ ಪದ್ಧತಿಯಲ್ಲಿ ಎಣಿಸುವವರಿಗೆ.

ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲಿ. ಪದವಿ ಮುಗಿಸಿ ಕೆಲಸವಿಲ್ಲದೆ ಕೂತವರಿಗೆ ತಿಂಗಳಿಗೆ 3,000 ರೂಪಾಯಿ ಎರಡು ವರ್ಷದವರೆಗೆ ಕೊಡುವ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ, ಅಂದರೆ ತುಂಗೆಯ ದಡದಲ್ಲಿ, ಚಾಲನೆ ಪಡೆಯಿತು. ಆ ಹಣಕ್ಕೆ ಇನ್ನಷ್ಟು ಸೇರಿಸಿ, ಬಯಸಿದವರನ್ನು ಮಾತ್ರ, ಇಬ್ಬಿಬ್ಬರಂತೆ ಒಂದು ವರ್ಷ ಒಂದು ಹೊಳೆಗೆ ನೇಮಿಸಿ, ಕಲಿಸಲು ಕಾಲೇಜಿನ ಒಬ್ಬ ಅಧ್ಯಾಪಕರನ್ನೂ ಹೊಳೆ ಬಲ್ಲ ಊರಿನ ಒಬ್ಬ ಬೆಸ್ತರನ್ನೂ ಜೊತೆಗಿಡುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಬೆಸ್ತರಿಗೂ ಗೌರವಧನ ಕೊಡಬೇಕು, ಬರೀ ಗೌರವ ಕೊಟ್ಟರೆ ಸಾಲದು. ಮುಂದಿನ ಬಜೆಟ್ಟಿಗೆ ಪಟ್ಟಿ ಮಾಡಲು ಕೂರುವ ಮೀನುಗಾರಿಕೆ ಇಲಾಖೆಯವರು ಎಲ್ಲ ನದಿಗಳ ಮಹಾಯೋಜನೆ ಬರೆಯದೆ, ಒಂದೇ ಒಂದು ಹೊಳೆ ಆರಿಸಿಕೊಂಡು, ಹತ್ತು ವರ್ಷ ಬಿಡದೆ ಎಣಿಸುವುದಕ್ಕೆ ದುಡ್ಡು ತೆಗೆದಿಡಲಿ.